ಮೀಟರ್ ಎಣಿಸದ ಸುತ್ತುಗಳು

ಮುಂಬಯಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ನಾಲಗೆಯ ತುದಿಯಲ್ಲಿ ಎರಡು ಮಾತು ಸದಾ ಇರುತ್ತವೆ: ‘ಡಾಕ್ಟರು ಓಡಿಸಿದ ಗಾಡಿ’ ಮತ್ತು ‘ಮೀಟರ್ ನೋಡಿ, ಬರೀ ನಲವತ್ತು ಸಾವಿರ’. ಮೊದಲನೆಯದನ್ನು ಯಾರೂ ನಂಬುವುದಿಲ್ಲ, ಎರಡನೆಯದನ್ನು ಎಲ್ಲರೂ ನಂಬುತ್ತಾರೆ. ಮೀಟರನ್ನು ಯಾರೂ ತಿರುಚಿಲ್ಲವೆಂದೇ ಇಟ್ಟುಕೊಳ್ಳೋಣ. ಆಗಲೂ ಆ ನಲವತ್ತು ಸಾವಿರ ಟಯರಿನ ಲೆಕ್ಕವೇ ಹೊರತು ಎಂಜಿನ್ನಿನ ಲೆಕ್ಕವಲ್ಲ. ಆ ವ್ಯತ್ಯಾಸದ ಪೆಟ್ಟು ಮೊದಲು ಬೀಳುವ ಜಾಗಗಳಲ್ಲಿ ಟೈಮಿಂಗ್ ಬೆಲ್ಟ್ ಒಂದು.

ಬಾನೆಟ್ ಎತ್ತಿದ ಕೂಡಲೇ ಕಾಣುವ, ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಬೇರೆ. ಅದು ತುಂಡಾದರೆ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ರಸ್ತೆ ಬದಿಗೆ ಗಾಡಿ ತರಲು ವ್ಯವಧಾನ ಸಿಗುತ್ತದೆ. ಟೈಮಿಂಗ್ ಬೆಲ್ಟ್ ಇರುವುದು ಎಂಜಿನ್ನಿನ ಒಂದು ಮಗ್ಗುಲಲ್ಲಿ, ಪ್ಲಾಸ್ಟಿಕ್ ಕವರಿನ ಹಿಂದೆ. ಹೆಬ್ಬೆರಳಿನಷ್ಟು ಅಗಲದ ಕಪ್ಪು ಪಟ್ಟಿ, ಒಳಮೈಯಲ್ಲಿ ಸಾಲಾಗಿ ಹಲ್ಲುಗಳು. ಕೆಳಗಿನ ಕ್ರ್ಯಾಂಕ್ ಪಿಸ್ಟನ್ನುಗಳನ್ನು ಏರಿಳಿಸುತ್ತದೆ, ಮೇಲಿನ ಕ್ಯಾಮ್ ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಇವೆರಡರ ನಡುವಿನ ಸಂಬಂಧವೆಂದರೆ ಈ ಪಟ್ಟಿಯೊಂದೇ. ಒಳಗೆಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆ ಹೊರದಬ್ಬುವುದು: ಈ ನಾಲ್ಕು ಕೆಲಸ ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದೇ ಸುತ್ತು ಹಾಕಬೇಕು. ಅದಕ್ಕೇ ಮೇಲಿನ ಚಕ್ರಕ್ಕೆ ಕೆಳಗಿನದರ ಸರಿಯಾಗಿ ಎರಡರಷ್ಟು ಹಲ್ಲು.

ಒಂದು ಕಾಲಕ್ಕೆ ಮುಂಬಯಿಯ ಹೋಟೆಲ್ ಹುಡುಗರು ಒಂದೇ ಖೋಲಿಯಲ್ಲಿ ಪಾಳಿ ಹಚ್ಚಿ ಮಲಗುತ್ತಿದ್ದರು. ರಾತ್ರಿ ಪಾಳಿಯವ ಬಂದಾಗ ಹಗಲು ಪಾಳಿಯವ ಚಾಪೆ ಬಿಟ್ಟು ಎದ್ದಿರಬೇಕು. ಅನೇಕ ಎಂಜಿನ್ನುಗಳಲ್ಲಿ ವಾಲ್ವಿಗೂ ಪಿಸ್ಟನ್ನಿಗೂ ಇರುವ ಏರ್ಪಾಡು ಇದೇ. ತೆರೆದ ವಾಲ್ವ್ ಕೆಳಗಿಳಿದು ನಿಲ್ಲುವ ಜಾಗಕ್ಕೇ ಸ್ವಲ್ಪ ಹೊತ್ತಿನಲ್ಲಿ ಪಿಸ್ಟನ್ ಏರಿ ಬರುತ್ತದೆ. 3,000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ಜಾಗ ಬಿಟ್ಟುಕೊಡಬೇಕು. ಬೆಲ್ಟ್ ತುಂಡಾದರೆ ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ, ಕೆಲವು ವಾಲ್ವುಗಳು ಬಾಯಿ ತೆರೆದುಕೊಂಡೇ ಉಳಿಯುತ್ತವೆ. ಗಾಡಿಯ ಓಟಕ್ಕೆ ಕ್ರ್ಯಾಂಕ್ ಮಾತ್ರ ತಿರುಗುತ್ತಲೇ ಇರುತ್ತದೆ, ಪಿಸ್ಟನ್ನುಗಳು ಬಂದು ಗುದ್ದುತ್ತವೆ. ವಾಲ್ವುಗಳು ಸೊಟ್ಟಗಾಗುತ್ತವೆ, ‘ಹೆಡ್ ಇಳಿಸಬೇಕು’ ಎಂಬ ಮಾತು ಗ್ಯಾರೇಜಿನಿಂದ ಬರುತ್ತದೆ. ಡೀಸೆಲ್ ಎಂಜಿನ್ನಿನಲ್ಲಂತೂ ಗಾಳಿಯನ್ನು ಅಷ್ಟು ಬಿಗಿಯಾಗಿ ಒತ್ತಬೇಕಾದ್ದರಿಂದ ಮೇಲ್ಗಡೆ ಜಾಗವೇ ಉಳಿದಿರುವುದಿಲ್ಲ. ಅಲ್ಲಿ ಪಾರಾಗುವುದು ಅಪರೂಪ. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಮಾತ್ರ ಸಾಕಷ್ಟು ಎಡೆ ಬಿಟ್ಟಿರುತ್ತಾರೆ. ಅವು ಬರೀ ನಿಂತುಬಿಡುತ್ತವೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತವೆ.

ಈಗ ಆ ನಲವತ್ತು ಸಾವಿರಕ್ಕೆ ಬರೋಣ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ, 2,400 ಆರ್‌ಪಿಎಂನಲ್ಲಿ ಓಡುವ ಕಾರಿನ ಕ್ರ್ಯಾಂಕ್ ಒಂದು ಕಿಲೋಮೀಟರಿಗೆ 1,800 ಸುತ್ತು ಹಾಕುತ್ತದೆ. ಅದೇ ಕಾರು ಸಂಜೆ ಅಂಧೇರಿಯಿಂದ ಬೋರಿವಲಿಯ ಕಡೆಗೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ತೆವಳುವಾಗ ಸರಾಸರಿ ವೇಗ 12 ಕಿ.ಮೀ., ಎಂಜಿನ್ನಿನ ಸರಾಸರಿ 1,200 ಆರ್‌ಪಿಎಂ ಎಂದು ಹಿಡಿಯಿರಿ. ಕಿಲೋಮೀಟರಿಗೆ 6,000 ಸುತ್ತಾಯಿತು! ಹೀಗೆ ಓಡಿದ ನಲವತ್ತು ಸಾವಿರ ಕಿಲೋಮೀಟರು ಬೆಲ್ಟಿನ ಮಟ್ಟಿಗೆ ಹೆದ್ದಾರಿಯ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಮಿಕ್ಕಿತು. ಸಿಗ್ನಲಿನಲ್ಲಿ ಏಸಿ ಹಾಕಿಕೊಂಡು ನಿಂತ ಹೊತ್ತಿನಲ್ಲಿ ಮೀಟರ್ ಕದಲುವುದೇ ಇಲ್ಲ, ಬೆಲ್ಟಿಗೆ ಬಿಡುವೂ ಇಲ್ಲ. ಇದು ಅಂದಾಜಿನ ಲೆಕ್ಕ, ಎಂಜಿನ್ನಿನಿಂದ ಎಂಜಿನ್ನಿಗೆ ಬದಲಾಗುತ್ತದೆ. ಆದರೂ ಮುಂಬಯಿಯ ‘ಕಡಿಮೆ ಓಡಿದ’ ಗಾಡಿಯನ್ನು ಕೈಪಿಡಿಯ ಕಿಲೋಮೀಟರ್ ಅಂಕಣದಿಂದ ಮಾತ್ರ ಅಳೆಯುವುದು ಸರಿಯಲ್ಲವೆಂದು ತೋರಿಸಲು ಇಷ್ಟು ಸಾಕು.

ಕೈಪಿಡಿಗಳಲ್ಲಿ ಕಿಲೋಮೀಟರಿನ ಜೊತೆಗೆ ವರ್ಷದ ಗಡಿಯನ್ನೂ ಕೊಟ್ಟಿರುವುದುಂಟು, ಯಾವುದು ಮೊದಲೋ ಅದು. ಏಕೆಂದರೆ ಇದು ರಬ್ಬರು. ಒಳಗೆ ಗಾಜಿನ ನಾರಿನ ಎಳೆಗಳು, ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಹೊದಿಕೆ, ನಡುವೆ ರಬ್ಬರು. ಗಾಡಿ ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ಸುಮ್ಮನೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಎಂಜಿನ್ನಿನ ಕಾವು ಅದನ್ನು ಗಡಸಾಗಿಸುತ್ತದೆ, ಸೀಲಿನಿಂದ ಜಿನುಗುವ ಆಯಿಲ್ ಮೆತ್ತಗಾಗಿಸುತ್ತದೆ. ಮೇಲೆ ಮುಂಬಯಿಯ ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ಸುರಿದದ್ದು ಅತಿರೇಕದ ಮಾತಾಯಿತು. ಪ್ರತಿ ವರ್ಷದ ಸಾಧಾರಣ ಮಳೆಗೂ ಹಿಂದ್‌ಮಾತಾದಲ್ಲಿ, ಅಂಧೇರಿಯ ಸಬ್‌ವೇಯಲ್ಲಿ ನೀರು ನಿಲ್ಲುತ್ತದೆ. ಕೆಸರುನೀರು ಕವರಿನೊಳಗೆ ಹೊಕ್ಕರೆ ಬೆಲ್ಟಿಗಿಂತ ಮೊದಲು ಕೆಡುವುದು ಅದನ್ನು ಬಿಗಿಹಿಡಿಯುವ ಟೆನ್ಷನರಿನ ಬೇರಿಂಗ್. ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟಾದರೂ ಉಳಿಯದು.

ಹಳೆಯ ಕಾಳಿ-ಪೀಲಿ ಟ್ಯಾಕ್ಸಿಗಳಿಗೆ ಈ ತಾಪತ್ರಯ ಇರಲಿಲ್ಲ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿ ಸೇವೆಯಿಂದ ಮರೆಯಾದ ಪ್ರೀಮಿಯರ್ ಪದ್ಮಿನಿಯಲ್ಲಿ ಇದ್ದದ್ದು ಚೈನು. ಚೈನು ಸವೆದರೆ ಗಲಗಲ ಸದ್ದು ಮಾಡಿ ಮುನ್ಸೂಚನೆ ಕೊಡುತ್ತದೆ. ಹಲ್ಲಿನ ಬೆಲ್ಟ್ ಹುಟ್ಟಿದ್ದು ಅಮೆರಿಕದಲ್ಲಿ, 1940ರ ದಶಕದಲ್ಲಿ, ಹೊಲಿಗೆ ಯಂತ್ರಕ್ಕಾಗಿ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ಅದನ್ನು ಕಾರಿನ ಎಂಜಿನ್ನಿಗೆ ತಂದಿತು. ಹಗುರ, ಅಗ್ಗ, ನಿಶ್ಶಬ್ದ, ಆಯಿಲ್ ಬೇಡ. 1983ರಲ್ಲಿ ಬಂದ ಮಾರುತಿ 800, ಆಮೇಲಿನ ಸ್ಯಾಂಟ್ರೊ, ಡಸ್ಟರಿನ 1.5 ಡೀಸೆಲ್, ಪೋಲೊ ಟಿಡಿಐ ಎಲ್ಲದರಲ್ಲೂ ಬೆಲ್ಟೇ. ಡಿಸೈರಿನ 1.3 ಡೀಸೆಲ್‌ನಲ್ಲಿ ಚೈನು. ಕಂಪನಿಯ ಹೆಸರು ನೋಡಿ ಊಹಿಸಲು ಹೋಗಬೇಡಿ, ಎಂಜಿನ್ ಯಾವುದೆಂದು ಕೇಳಿ.

ಕುರ್ಲಾದ ಸಿಎಸ್‌ಟಿ ರಸ್ತೆಯ ಗ್ಯಾರೇಜುಗಳ ಸಾಲಿನಲ್ಲಿ ಒಳ್ಳೆಯ ಮೆಕ್ಯಾನಿಕ್ ಈ ಕೆಲಸ ಮಾಡುವುದನ್ನು ನಿಂತು ನೋಡಬೇಕು. ಬಲಗಡೆಯ ಚಕ್ರ ಬಿಚ್ಚಿ, ಎಂಜಿನ್ ಕೆಳಗೆ ಜಾಕ್ ಕೊಟ್ಟು, ಕವರ್ ತೆಗೆಯುತ್ತಾನೆ. ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ ಮೇಲಿನ ಗುರುತನ್ನೂ ಕೆಳಗಿನ ಗುರುತನ್ನೂ ಅವುಗಳ ಜಾಗಕ್ಕೆ ತಂದು ನಿಲ್ಲಿಸಿದ ಮೇಲೆಯೇ ಹಳೆಯ ಬೆಲ್ಟ್ ಕಳಚುವುದು. ಕೆಳಗಿನ ಚಕ್ರಕ್ಕೆ 20 ಹಲ್ಲಿದ್ದರೆ, ಒಂದೇ ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕಿನಲ್ಲಿ 18 ಡಿಗ್ರಿ ಏರುಪೇರು. ಹೊಸದನ್ನು ತೊಡಿಸಿ, ಟೆನ್ಷನರ್ ಬಿಗಿದು, ಸೀದಾ ಚಾವಿ ತಿರುಗಿಸುವವನ ಕೈಗೆ ಗಾಡಿ ಕೊಡಬೇಡಿ. ಬಲ್ಲವನು ಮತ್ತೆ ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸುತ್ತಾನೆ. ಕ್ಯಾಮ್ ಒಂದು ಸುತ್ತು ಮುಗಿಸಿ ಬರಲು ಅಷ್ಟು ಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸುತ್ತಾನೆ. ಗುರುತುಗಳು ಮತ್ತೆ ಕೂಡದಿದ್ದರೆ ಬಿಚ್ಚಿ ಮೊದಲಿನಿಂದ ಮಾಡುತ್ತಾನೆ. ಬೆಲ್ಟಿನ ಜೊತೆಗೆ ಟೆನ್ಷನರ್ ಮತ್ತು ಐಡ್ಲರ್, ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವಂತಿದ್ದರೆ ಪಂಪನ್ನೂ ಹಾಕಿಸಿಬಿಡಿ. ಬೆಲ್ಟಿನ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ದೊಡ್ಡದು.

ಹಳೆಯ ಬೆಲ್ಟನ್ನು ಕೇಳಿ ಪಡೆದು ಬಗ್ಗಿಸಿ ನೋಡಿ: ಬಿರುಕು, ಅಂಚಿನ ಜುಂಗು, ಹೊಳಪು ಬಂದ ಬೆನ್ನು. ಏನೂ ಕಾಣದಿರಬಹುದು. ಈಗಿನ ರಬ್ಬರು ಕಡೆಯ ದಿನದವರೆಗೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಕಣ್ಣಿಗಿಂತ ಬಿಲ್ಲನ್ನು ನಂಬುವುದು ವಾಸಿ. ಮಾರುವವನ ಬಳಿ ಬೆಲ್ಟ್ ಬದಲಾಯಿಸಿದ ಬಿಲ್ ಇಲ್ಲವೆಂದರೆ ಬದಲಾಯಿಸಿಲ್ಲವೆಂದೇ ಲೆಕ್ಕ; ಆ ಖರ್ಚನ್ನು ಚೌಕಾಸಿಯಲ್ಲೇ ಇಳಿಸಿಕೊಂಡು, ಪನ್ವೇಲ್ ದಾಟಿ ಕಶೇಡಿ ಘಾಟಿ ಹತ್ತಿ ಊರಿಗೆ ಹೊರಡುವ ಮೊದಲೇ ಹಾಕಿಸಿ. 1.0 ಲೀಟರಿನ ಟರ್ಬೊ ಪೆಟ್ರೋಲ್ ಎಕೊಸ್ಪೋರ್ಟಿನಂಥ ಗಾಡಿಯಾದರೆ ಇನ್ನೊಂದು ಪ್ರಶ್ನೆ ಸೇರಿಸಿ. ಅದರ ಬೆಲ್ಟ್ ಎಂಜಿನ್ನಿನ ಒಳಗೆ, ಆಯಿಲಿನಲ್ಲೇ ನೆನೆಯುತ್ತಾ ಓಡುವಂಥದ್ದು. ತಪ್ಪು ಆಯಿಲ್ ಹಾಕಿದರೆ ರಬ್ಬರು ಕರಗಿ ಉದುರಿ, ಆ ಚೂರುಗಳು ಆಯಿಲ್ ಪಂಪಿನ ಜರಡಿಗೆ ಕಟ್ಟಿಕೊಳ್ಳುತ್ತವೆ. ಅಲ್ಲಿ ಬೆಲ್ಟಿನ ಬಿಲ್ಲಿಗಿಂತ ಮೊದಲು ಆಯಿಲಿನ ಬಿಲ್ಲುಗಳನ್ನು ಕೇಳಬೇಕು, ಯಾವ ದರ್ಜೆಯದು ಹಾಕಿದ್ದಾರೆಂದು ಕೈಪಿಡಿಯ ಜೊತೆ ಹೋಲಿಸಿ ನೋಡಬೇಕು.