ಖಾಸಗಿತನಸ್ನೇಹಿ ಜಾಲತಾಣ ವಿಶ್ಲೇಷಣೆ

ಖಾಸಗಿತನಸ್ನೇಹಿ ಜಾಲತಾಣ ವಿಶ್ಲೇಷಣೆ ಎಂದರೆ ಓದುಗರನ್ನು ವ್ಯಕ್ತಿಗತವಾಗಿ ಗುರುತಿಸದೆ, ಒಂದು ಜಾಲತಾಣಕ್ಕೆ ಜನರು ಎಲ್ಲಿಂದ ಬರುತ್ತಾರೆ, ಎಷ್ಟು ಮಂದಿ ಬರುತ್ತಾರೆ, ಯಾವ ಪುಟಗಳನ್ನು ಓದುತ್ತಾರೆ ಎಂಬುದನ್ನು ಒಟ್ಟು ಲೆಕ್ಕದ ರೂಪದಲ್ಲಿ ತಿಳಿಯುವ ವಿಧಾನಗಳ ಸಮೂಹ. ಇಲ್ಲಿ ‘ಎಲ್ಲಿಂದ’ ಎಂಬ ಪ್ರಶ್ನೆಗೆ ಎರಡು ಅರ್ಥಗಳಿವೆ: ಓದುಗರು ಯಾವ ಕೊಂಡಿಯನ್ನು ಒತ್ತಿ ಬಂದರು ಎಂಬುದು ಒಂದು, ಅವರು ಯಾವ ದೇಶ ಅಥವಾ ಪ್ರದೇಶದಲ್ಲಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ರೆಫರರ್ ಎಂಬ ಮಾಹಿತಿಯಿಂದಲೂ ಎರಡನೆಯದಕ್ಕೆ ಐಪಿ ವಿಳಾಸದಿಂದಲೂ ಉತ್ತರ ದೊರೆಯುತ್ತದೆ. ಇವೆರಡೂ ಪುಟದ ಕೋರಿಕೆಯ ಜೊತೆಯಲ್ಲೇ ಸರ್ವರನ್ನು ತಲುಪುವುದರಿಂದ, ಇಷ್ಟು ತಿಳಿಯಲು ಓದುಗರ ಸಾಧನದಲ್ಲಿ ಗುರುತು ಇರಿಸುವ ಅಗತ್ಯವಿಲ್ಲ. ಹಾಗೆ ಬಂದ ಮಾಹಿತಿಯಲ್ಲಿ ಎಷ್ಟನ್ನು, ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬುದೇ ಈ ವಿಧಾನಗಳ ಮುಖ್ಯ ಪ್ರಶ್ನೆ.

ಇತಿಹಾಸ

ಜಾಲತಾಣಗಳ ಸಂದರ್ಶಕರ ಲೆಕ್ಕ ಆರಂಭವಾದದ್ದು ಸರ್ವರ್ ಲಾಗ್‌ಗಳಿಂದ. ಯಾವ ಪುಟವನ್ನು, ಯಾವ ಸಮಯದಲ್ಲಿ, ಯಾವ ಐಪಿ ವಿಳಾಸದಿಂದ ಕೇಳಲಾಯಿತು ಎಂಬುದನ್ನು ಸರ್ವರ್ ಸಾಲುಸಾಲಾಗಿ ಬರೆದಿಡುವ ಕಡತವೇ ಲಾಗ್. 1990ರ ದಶಕದಲ್ಲಿ ಬಂದ ಅನಲಾಗ್, ವೆಬಲೈಜರ್ ಮುಂತಾದ ತಂತ್ರಾಂಶಗಳು ಈ ಕಡತಗಳನ್ನು ಓದಿ ಕೋಷ್ಟಕಗಳನ್ನು ಸಿದ್ಧಪಡಿಸುತ್ತಿದ್ದವು. ಆ ಮಾಹಿತಿ ಜಾಲತಾಣದ ಸರ್ವರಿನಲ್ಲಿಯೇ ಉಳಿಯುತ್ತಿತ್ತು.

1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಕುಕೀಯನ್ನು ರೂಪಿಸಿದರು. ಬ್ರೌಸರಿನಲ್ಲಿ ಉಳಿಯುವ ಈ ಸಣ್ಣ ಮಾಹಿತಿತುಣುಕು, ಅದೇ ಓದುಗ ಮತ್ತೆ ಬಂದಾಗ ಗುರುತಿಸಲು ನೆರವಾಗುತ್ತದೆ. 2005ರಲ್ಲಿ ಗೂಗಲ್ ಸಂಸ್ಥೆಯು ಅರ್ಚಿನ್ ಎಂಬ ವಿಶ್ಲೇಷಣಾ ಕಂಪನಿಯನ್ನು ಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಸೇವೆಯನ್ನು ಉಚಿತವಾಗಿ ನೀಡತೊಡಗಿತು. ಪುಟದಲ್ಲಿ ಕೆಲವು ಸಾಲುಗಳ ಸ್ಕ್ರಿಪ್ಟ್ ಸೇರಿಸಿದರೆ ವಿವರವಾದ ವರದಿ ಸಿಗುತ್ತಿದ್ದ ಕಾರಣ ಅದು ಬೇಗನೆ ಹರಡಿತು. ಇದರೊಂದಿಗೆ, ಒಂದು ಜಾಲತಾಣದ ಓದುಗರ ವಿವರ ಆ ಜಾಲತಾಣದವರಲ್ಲದ ಮೂರನೆಯವರ ಸರ್ವರಿಗೆ ಹೋಗುವುದು ಸಾಮಾನ್ಯವಾಯಿತು.

ಇದಕ್ಕೆ ಪರ್ಯಾಯವಾಗಿ 2007ರಲ್ಲಿ ಪಿವಿಕ್ ಎಂಬ ಮುಕ್ತ ತಂತ್ರಾಂಶ ಆರಂಭವಾಯಿತು. 2018ರಿಂದ ಇದರ ಹೆಸರು ಮಟೋಮೊ. ಅದನ್ನು ಜಾಲತಾಣದವರು ತಮ್ಮ ಸರ್ವರಿನಲ್ಲಿಯೇ ಸ್ಥಾಪಿಸಿಕೊಳ್ಳಬಹುದು. ಮುಂದೆ ಬಂದ ಪ್ಲಾಸಿಬಲ್, ಗೋಟ್‌ಕೌಂಟರ್, ಉಮಾಮಿ ಮೊದಲಾದವು ಕುಕೀಗಳನ್ನು ಬಳಸದೆ ಎಣಿಸುವುದನ್ನೇ ತಮ್ಮ ಮುಖ್ಯ ಲಕ್ಷಣವಾಗಿಸಿಕೊಂಡವು. ಸರ್ವರ್ ಲಾಗ್‌ಗಳನ್ನು ನೇರವಾಗಿ ಓದುವ ಹಳೆಯ ಕ್ರಮವನ್ನು ಗೋಆಕ್ಸೆಸ್‌ನಂತಹ ತಂತ್ರಾಂಶಗಳು ಮುಂದುವರಿಸಿವೆ.

ರೆಫರರ್

ಓದುಗರು ಒಂದು ಪುಟದ ಕೊಂಡಿಯನ್ನು ಒತ್ತಿ ಇನ್ನೊಂದು ಜಾಲತಾಣಕ್ಕೆ ಹೋದಾಗ, ಬ್ರೌಸರು ಹಿಂದಿನ ಪುಟದ ವಿಳಾಸವನ್ನು ಹೊಸ ಸರ್ವರಿಗೆ ತಿಳಿಸುತ್ತದೆ. ಈ ಮಾಹಿತಿಯ ಹೆಸರು ರೆಫರರ್. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0 ವಿವರಣೆಯಲ್ಲಿ ಇಂಗ್ಲಿಷ್ ಪದದ ಕಾಗುಣಿತ ತಪ್ಪಾಗಿ, ಮಧ್ಯದಲ್ಲಿ ‘ಆರ್’ ಅಕ್ಷರ ಎರಡು ಬಾರಿ ಬರಬೇಕಾದಲ್ಲಿ ಒಂದೇ ಬಾರಿ ಬಂದಿತು. ಆ ತಪ್ಪು ರೂಪವೇ ಇಂದಿಗೂ ಬಳಕೆಯಲ್ಲಿದೆ.

ಪುಟದ ಪೂರ್ಣ ವಿಳಾಸ ಮೂರನೆಯವರಿಗೆ ಹೋಗುವುದು ಅಪಾಯಕಾರಿಯಾಗಬಲ್ಲದು. ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ವಿಮೆಯ ಜಾಲತಾಣವಾದ ಹೆಲ್ತ್‌ಕೇರ್‌ ಡಾಟ್ ಗವ್‌ನಲ್ಲಿ, ಅರ್ಜಿದಾರರು ತುಂಬಿದ ವಯಸ್ಸು, ಆದಾಯ, ಪಿನ್‌ಕೋಡಿಗೆ ಸಮನಾದ ಜಿಪ್ ಸಂಖ್ಯೆ, ಧೂಮಪಾನ ಮತ್ತು ಗರ್ಭಧಾರಣೆಯ ವಿವರಗಳು ಪುಟದ ವಿಳಾಸದಲ್ಲಿಯೇ ಸೇರಿಕೊಳ್ಳುತ್ತಿದ್ದವು. ಆ ವಿಳಾಸವು ರೆಫರರ್ ಮೂಲಕ ಜಾಹೀರಾತು ಮತ್ತು ವಿಶ್ಲೇಷಣಾ ಕಂಪನಿಗಳ ಸರ್ವರುಗಳನ್ನು ತಲುಪುತ್ತಿತ್ತು. 2015ರ ಜನವರಿಯಲ್ಲಿ ಇದು ಬೆಳಕಿಗೆ ಬಂದಿತು. ಸಂದರ್ಶಕರ ಎಣಿಕೆಗೆಂದು ಅಳವಡಿಸಿದ ಸಾಧನಗಳು, ಯಾರೂ ಕೇಳದ ಆರೋಗ್ಯ ಮಾಹಿತಿಯನ್ನೂ ಹೊತ್ತೊಯ್ಯಬಲ್ಲವು ಎಂಬುದಕ್ಕೆ ಇದು ಉದಾಹರಣೆ.

ಇಂತಹ ಸೋರಿಕೆಯನ್ನು ತಡೆಯಲು ರೆಫರರ್ ನೀತಿ ಎಂಬ ವ್ಯವಸ್ಥೆ ಇದೆ. 2020ರಲ್ಲಿ ಕ್ರೋಮ್‌ನ 85ನೆಯ ಆವೃತ್ತಿಯೂ 2021ರಲ್ಲಿ ಫೈರ್‌ಫಾಕ್ಸ್‌ನ 87ನೆಯ ಆವೃತ್ತಿಯೂ ಇದನ್ನು ಬಿಗಿಗೊಳಿಸಿದವು. ಅಂದಿನಿಂದ ಒಂದು ಜಾಲತಾಣದಿಂದ ಇನ್ನೊಂದಕ್ಕೆ ಹೋಗುವಾಗ, ಪ್ರತ್ಯೇಕ ಸೂಚನೆ ಇಲ್ಲದಿದ್ದಲ್ಲಿ, ಹಿಂದಿನ ಜಾಲತಾಣದ ಹೆಸರು ಮಾತ್ರ ರವಾನೆಯಾಗುತ್ತದೆ. ಯಾವ ಪುಟ ಎಂಬುದು ತಿಳಿಯುವುದಿಲ್ಲ. ಓದುಗರು ಒಂದು ಪತ್ರಿಕೆಯ ತಾಣದಿಂದ ಬಂದರೋ ಹುಡುಕುತಾಣದಿಂದ ಬಂದರೋ ಎಂದು ಅರಿಯಲು ಅಷ್ಟು ಸಾಕಾಗುತ್ತದೆ.

ಕೊಂಡಿಯ ಕೊನೆಗೆ ಗುರುತುಪದ ಸೇರಿಸುವುದು ಇನ್ನೊಂದು ವಿಧಾನ. ಇವುಗಳಿಗೆ ಯುಟಿಎಂ ಎಂದು ಹೆಸರು. ಇದು ಮೇಲೆ ಹೇಳಿದ ಅರ್ಚಿನ್ ಕಂಪನಿಯ ಕಾಲದಿಂದ ಉಳಿದುಬಂದದ್ದು. ‘ಜೂನ್ ಸಂಚಿಕೆ’, ‘ಭಿತ್ತಿಪತ್ರ’ ಎಂಬಂತೆ ಕೊಂಡಿ ಎಲ್ಲಿ ಪ್ರಕಟವಾಯಿತು ಎಂಬುದನ್ನಷ್ಟೇ ಗುರುತುಪದ ಹೇಳಿದರೆ ಖಾಸಗಿತನಕ್ಕೆ ಧಕ್ಕೆಯಿಲ್ಲ. ಪ್ರತಿಯೊಬ್ಬ ಚಂದಾದಾರರಿಗೂ ಬೇರೆ ಬೇರೆ ಸಂಖ್ಯೆಯ ಕೊಂಡಿ ಕಳುಹಿಸಿದರೆ ಅದೇ ಗುರುತುಪದ ವ್ಯಕ್ತಿಯನ್ನು ಹಿಂಬಾಲಿಸುವ ಸಾಧನವಾಗುತ್ತದೆ.

ಭೌಗೋಳಿಕ ಸ್ಥಳ

ಐಪಿ ವಿಳಾಸಗಳ ಯಾವ ಸಮೂಹ ಯಾವ ದೇಶದಲ್ಲಿ ಬಳಕೆಯಲ್ಲಿದೆ ಎಂಬುದರ ಕೋಷ್ಟಕಗಳು ಲಭ್ಯವಿವೆ. ಮ್ಯಾಕ್ಸ್‌ಮೈಂಡ್ ಸಂಸ್ಥೆಯ ಜಿಯೋಲೈಟ್ ಇಂತಹ ಒಂದು ದತ್ತಸಂಚಯ. ಇದನ್ನು ಸ್ವಂತ ಸರ್ವರಿನಲ್ಲಿ ಇರಿಸಿಕೊಂಡರೆ ಓದುಗರ ಐಪಿ ವಿಳಾಸವನ್ನು ಹೊರಗಿನ ಸೇವೆಗೆ ಕಳುಹಿಸಬೇಕಾಗಿಲ್ಲ. ಕೋರಿಕೆ ಬಂದ ಕ್ಷಣದಲ್ಲಿ ವಿಳಾಸವನ್ನು ಕೋಷ್ಟಕದಲ್ಲಿ ಹುಡುಕಿ, ‘ಭಾರತ’ ಎಂಬ ಫಲಿತಾಂಶವನ್ನು ಎಣಿಕೆಗೆ ಸೇರಿಸಿ, ವಿಳಾಸವನ್ನು ಬರೆದಿಡದೆ ಬಿಟ್ಟುಬಿಡುವುದು ಈ ವಿಧಾನದ ತಿರುಳು.

ವಿಳಾಸದ ಕೊನೆಯ ಭಾಗವನ್ನು ಅಳಿಸುವ ರೂಢಿಯೂ ಇದೆ. 203.0.113.45 ಎಂಬ ವಿಳಾಸವನ್ನು 203.0.113.0 ಎಂದು ಉಳಿಸಿದರೆ ಅದು 256 ವಿಳಾಸಗಳ ಗುಂಪನ್ನು ಸೂಚಿಸುತ್ತದೆ. ಕೆಲವು ಸಾಧನಗಳು ಐಪಿ ವಿಳಾಸದ ಬದಲು ಬ್ರೌಸರಿನ ಕಾಲವಲಯವನ್ನು ನೋಡಿ ದೇಶವನ್ನು ಊಹಿಸುತ್ತವೆ. ಭಾರತಕ್ಕೆಲ್ಲ ಒಂದೇ ಕಾಲವಲಯ ಇರುವುದರಿಂದ, ಈ ಕ್ರಮದಲ್ಲಿ ಕಲಬುರಗಿಯ ಓದುಗರೂ ದೆಹಲಿಯ ಓದುಗರೂ ಒಂದೇ ಲೆಕ್ಕಕ್ಕೆ ಸೇರುತ್ತಾರೆ. ದುಬೈ ಅಥವಾ ಲಂಡನ್ನಿನಲ್ಲಿ ಓದುವವರು ಬೇರೆಯಾಗಿ ಕಾಣುತ್ತಾರೆ.

ಪುನರಾವರ್ತನೆಯಿಲ್ಲದ ಎಣಿಕೆ

ನೂರು ಪುಟವೀಕ್ಷಣೆಗಳು ನೂರು ಜನರವೋ ಒಬ್ಬರದೇಯೋ ಎಂಬುದನ್ನು ತಿಳಿಯಲು ಓದುಗರನ್ನು ಸ್ವಲ್ಪ ಕಾಲವಾದರೂ ಗುರುತಿಸಬೇಕಾಗುತ್ತದೆ. ಇದಕ್ಕಾಗಿ ಐಪಿ ವಿಳಾಸವನ್ನು ಹ್ಯಾಶ್ ಎಂಬ ಗಣಿತ ಪ್ರಕ್ರಿಯೆಯಿಂದ ಬೇರೊಂದು ಅಕ್ಷರಸರಣಿಯಾಗಿ ಬದಲಿಸುವುದುಂಟು. ಆದರೆ ಇಷ್ಟರಿಂದಲೇ ವಿಳಾಸ ಅನಾಮಿಕವಾಗುವುದಿಲ್ಲ. ಐಪಿ ನಾಲ್ಕನೆಯ ಆವೃತ್ತಿಯಲ್ಲಿ ಇರಬಹುದಾದ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಅಷ್ಟಕ್ಕೂ ಹ್ಯಾಶ್ ಲೆಕ್ಕಹಾಕಿ ಹೋಲಿಸಿ ಮೂಲ ವಿಳಾಸವನ್ನು ಕಂಡುಹಿಡಿಯುವುದು ಸಾಮಾನ್ಯ ಗಣಕಕ್ಕೂ ಸಾಧ್ಯ.

ಪ್ಲಾಸಿಬಲ್ ತಂತ್ರಾಂಶವು ಐಪಿ ವಿಳಾಸ, ಬ್ರೌಸರಿನ ವಿವರ ಮತ್ತು ಜಾಲತಾಣದ ಹೆಸರಿನ ಜೊತೆಗೆ ‘ಸಾಲ್ಟ್’ ಎಂದು ಕರೆಯುವ ಗುಪ್ತ, ಯಾದೃಚ್ಛಿಕ ಅಕ್ಷರಸರಣಿಯೊಂದನ್ನು ಸೇರಿಸಿ ಹ್ಯಾಶ್ ಮಾಡುತ್ತದೆ. ಸಾಲ್ಟ್ ಪ್ರತಿದಿನ ಬದಲಾಗುತ್ತದೆ, ಹಳೆಯದನ್ನು ಅಳಿಸಲಾಗುತ್ತದೆ. ಆದ್ದರಿಂದ ಇಂದಿನ ಗುರುತು ನಾಳೆಯ ಗುರುತಿಗೆ ಹೊಂದುವುದಿಲ್ಲ. ಎರಡು ಜಾಲತಾಣಗಳಿಗೆ ಹೋದ ಒಬ್ಬರೇ ವ್ಯಕ್ತಿಯನ್ನು ಜೋಡಿಸಲೂ ಬರುವುದಿಲ್ಲ.

ಕನ್ನಡ ಸೇರಿದಂತೆ ವಿವಿಧ ಭಾಷೆಗಳ ವಿಕಿಪೀಡಿಯಗಳನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಇನ್ನೊಂದು ಮಾರ್ಗವನ್ನು ಅನುಸರಿಸುತ್ತದೆ. ಅದು ಬಳಸುವ ಕುಕೀಯಲ್ಲಿ ಓದುಗರ ಗುರುತುಸಂಖ್ಯೆ ಇರುವುದಿಲ್ಲ. ಕೊನೆಯ ಭೇಟಿಯ ದಿನಾಂಕ ಮಾತ್ರ ಇರುತ್ತದೆ. ಅಲ್ಲಿರುವ ದಿನಾಂಕ ಹಿಂದಿನದಾಗಿದ್ದರೆ ಆ ಸಾಧನ ಇಂದು ಮೊದಲ ಬಾರಿಗೆ ಬಂದಿದೆ ಎಂದು ಎಣಿಸಲಾಗುತ್ತದೆ. ಇಂದಿನ ದಿನಾಂಕವಿದ್ದರೆ ಮತ್ತೆ ಎಣಿಸುವುದಿಲ್ಲ. ಒಂದು ದಿನ ಬಂದ ಎಲ್ಲ ಸಾಧನಗಳಲ್ಲೂ ಒಂದೇ ದಿನಾಂಕ ಇರುವ ಕಾರಣ ಅದರಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲು ಆಗುವುದಿಲ್ಲ.

ಸಣ್ಣ ಸಂಖ್ಯೆಗಳ ಸಮಸ್ಯೆ

ಒಟ್ಟು ಲೆಕ್ಕವೂ ಕೆಲವೊಮ್ಮೆ ವ್ಯಕ್ತಿಯನ್ನು ಬಯಲು ಮಾಡಬಲ್ಲದು. ಒಂದು ಕಾಯಿಲೆಯ ಕುರಿತ ಪುಟವನ್ನು ಒಂದು ಚಿಕ್ಕ ಊರಿನಿಂದ, ಒಂದು ನಿರ್ದಿಷ್ಟ ಮಾದರಿಯ ಫೋನಿನಲ್ಲಿ, ರಾತ್ರಿ ಒಂದೇ ಬಾರಿ ಓದಲಾಗಿದೆ ಎಂಬ ವರದಿಯಲ್ಲಿ ಹೆಸರಿಲ್ಲದಿದ್ದರೂ ಆ ಊರಿನವರಿಗೆ ವ್ಯಕ್ತಿ ಯಾರೆಂದು ತಿಳಿಯಬಹುದು. ಹಾಗಾಗಿ ಊರು, ಪುಟ, ಸಾಧನ, ಸಮಯ ಇವುಗಳನ್ನು ಒಟ್ಟಿಗೆ ಜೋಡಿಸದೆ ಬೇರೆ ಬೇರೆ ಕೋಷ್ಟಕಗಳಲ್ಲಿ ಎಣಿಸುವುದು, ನಿಗದಿತ ಸಂಖ್ಯೆಗಿಂತ ಕಡಿಮೆಯಿದ್ದರೆ ತೋರಿಸದಿರುವುದು ರೂಢಿಯಲ್ಲಿದೆ. ವಿಕಿಮೀಡಿಯ ಯೋಜನೆಗಳ ದೇಶವಾರು ಪಟ್ಟಿಯಲ್ಲಿ 100ಕ್ಕಿಂತ ಕಡಿಮೆ ವೀಕ್ಷಣೆಯಿರುವ ದೇಶಗಳನ್ನು ಬಿಡಲಾಗುತ್ತದೆ. ದೇಶ ಮತ್ತು ಪುಟ ಎರಡನ್ನೂ ಒಳಗೊಂಡ ದತ್ತಾಂಶವನ್ನು ಪ್ರತಿಷ್ಠಾನವು 2023ರಲ್ಲಿ ಪ್ರಕಟಿಸಿದಾಗ, ಸಂಖ್ಯೆಗಳಿಗೆ ಅಳತೆಮಾಡಿದ ಯಾದೃಚ್ಛಿಕ ವ್ಯತ್ಯಾಸವನ್ನು ಬೆರೆಸಿತು. ಒಬ್ಬ ಓದುಗನ ಭೇಟಿ ಲೆಕ್ಕದಲ್ಲಿ ಇದೆಯೋ ಇಲ್ಲವೋ ಎಂದು ನಿರ್ಧರಿಸಲಾಗದಂತೆ ಮಾಡುವ ಈ ತಂತ್ರಕ್ಕೆ ಡಿಫರೆನ್ಷಿಯಲ್ ಪ್ರೈವಸಿ ಎಂದು ಹೆಸರು.

ಕಾನೂನು

ಬದಲಾಗುತ್ತಿರುವ ಐಪಿ ವಿಳಾಸವೂ ವೈಯಕ್ತಿಕ ದತ್ತಾಂಶವಾಗಬಹುದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2016ರ ಬ್ರೇಯರ್ ಪ್ರಕರಣದಲ್ಲಿ ತೀರ್ಪು ನೀಡಿತು. 2018ರ ಮೇ 25ರಿಂದ ಅಲ್ಲಿ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮ, ಅಂದರೆ ಜಿಡಿಪಿಆರ್, ಅನ್ವಯವಾಗುತ್ತಿದೆ. ಗೂಗಲ್ ಅನಲಿಟಿಕ್ಸ್ ಬಳಸಿದ ಜಾಲತಾಣಗಳಿಂದ ದತ್ತಾಂಶವು ಅಮೆರಿಕಕ್ಕೆ ಹೋಗುವುದು ಈ ನಿಯಮಕ್ಕೆ ವಿರುದ್ಧ ಎಂದು 2022ರ ಆರಂಭದಲ್ಲಿ ಆಸ್ಟ್ರಿಯ ಮತ್ತು ಫ್ರಾನ್ಸಿನ ಪ್ರಾಧಿಕಾರಗಳು ಹೇಳಿದವು. 2023ರ ಜುಲೈಯಲ್ಲಿ ದತ್ತಾಂಶ ವರ್ಗಾವಣೆಗೆ ಹೊಸ ಚೌಕಟ್ಟು ಒಪ್ಪಿಗೆಯಾಯಿತು. ಸಂದರ್ಶಕರ ಎಣಿಕೆಗೆ ಮಾತ್ರ ಸೀಮಿತವಾದ ಸಾಧನಗಳಿಗೆ, ಕೆಲವು ಷರತ್ತುಗಳ ಮೇಲೆ, ಓದುಗರ ಪೂರ್ವಾನುಮತಿಯಿಂದ ಫ್ರಾನ್ಸ್ ವಿನಾಯಿತಿ ನೀಡಿದೆ.

ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ಘೋಷಿಸಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅಂಕಿಅಂಶಗಳ ಉದ್ದೇಶಕ್ಕೆ ನಡೆಯುವ ಸಂಸ್ಕರಣೆಗೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಕುರಿತು ಯಾವುದೇ ತೀರ್ಮಾನ ಕೈಗೊಳ್ಳಬಾರದು, ಗೊತ್ತುಪಡಿಸಿದ ಮಾನದಂಡಗಳನ್ನೂ ಪಾಲಿಸಬೇಕು.

ಮಿತಿಗಳು

ಈ ವಿಧಾನಗಳಿಂದ ದೊರೆಯುವ ಅಂಕಿಗಳು ಅಂದಾಜುಗಳು. ವಾಟ್ಸಾಪ್‌ನಂತಹ ಆ್ಯಪ್‌ಗಳಲ್ಲಿ ಹಂಚಿಕೊಂಡ ಕೊಂಡಿಯಿಂದ ಬರುವವರ ಜೊತೆ ಸಾಮಾನ್ಯವಾಗಿ ರೆಫರರ್ ಬರುವುದಿಲ್ಲ. ವಿಳಾಸವನ್ನು ತಾವೇ ಬರೆದು ಬಂದವರೊಂದಿಗೆ ಅವರೂ ‘ನೇರ ಭೇಟಿ’ ಎಂಬ ಸಾಲಿಗೆ ಸೇರುತ್ತಾರೆ. ಮೊಬೈಲ್ ಜಾಲಗಳಲ್ಲಿ ಅನೇಕ ಚಂದಾದಾರರು ಒಂದೇ ಐಪಿ ವಿಳಾಸವನ್ನು ಹಂಚಿಕೊಳ್ಳುವುದರಿಂದ, ಬ್ರೌಸರೂ ಒಂದೇ ಬಗೆಯದಾಗಿದ್ದರೆ ಹಲವರು ಒಬ್ಬರಾಗಿ ಕಾಣಬಹುದು. ವಿಪಿಎನ್ ಬಳಸುವವರು ಬೇರೆ ದೇಶದವರಾಗಿ ತೋರುತ್ತಾರೆ. ಸರ್ವರ್ ಲಾಗ್‌ಗಳಲ್ಲಿ ಹುಡುಕುಯಂತ್ರಗಳ ಮತ್ತಿತರ ಬಾಟ್‌ಗಳ ಕೋರಿಕೆಗಳು ಬೆರೆತಿರುತ್ತವೆ.

ಪ್ರತಿದಿನ ಗುರುತು ಬದಲಾಗುವ ಕ್ರಮದಲ್ಲಿ, ತಿಂಗಳ 30 ದಿನವೂ ಬಂದ ಒಬ್ಬ ಓದುಗ 30 ಸಂದರ್ಶಕರಾಗಿ ಲೆಕ್ಕಕ್ಕೆ ಸೇರುತ್ತಾನೆ. ತಿಂಗಳ ನಿಜವಾದ ಓದುಗರ ಸಂಖ್ಯೆ ಈ ಕ್ರಮದಿಂದ ತಿಳಿಯುವುದಿಲ್ಲ. ಇದನ್ನು ಸರಿಪಡಿಸಲು ಗುರುತನ್ನು ಹೆಚ್ಚು ಕಾಲ ಉಳಿಸಬೇಕಾಗುತ್ತದೆ, ಆಗ ಖಾಸಗಿತನದ ರಕ್ಷಣೆ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಯಾವ ಪುಟಕ್ಕೆ ಬೇಡಿಕೆಯಿದೆ, ಯಾವ ಕೊಂಡಿಯಿಂದ ಜನ ಬರುತ್ತಿದ್ದಾರೆ, ಯಾವ ದೇಶಗಳಲ್ಲಿ ಓದುಗರಿದ್ದಾರೆ ಎಂಬ ಪ್ರಶ್ನೆಗಳಿಗಾದರೋ ದಿನದಾಚೆ ಉಳಿಯುವ ಗುರುತು ಬೇಕಾಗುವುದಿಲ್ಲ.