ಇಬ್ಬರ ಕಾರು, ಎಂಟು ಮಂದಿಯ ವ್ಯಾನು

ವಾಡಿ-ರಾಯಚೂರು ರೈಲುಮಾರ್ಗದ ಸೈದಾಪುರದಲ್ಲಿ ಇಳಿದು ಸುತ್ತಲಿನ ಹಳ್ಳಿಗೆ ಮದುವೆಗೆ ಹೊರಟವರು ಬಾಡಿಗೆ ಗಾಡಿ ಹಿಡಿಯುವಾಗ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಮಂದಿ ಹಿಡಿಸುತ್ತಾರೆ?’ ಸ್ಪೋರ್ಟ್ಸ್ ಕಾರು ಕೊಳ್ಳುವವನು ಕೇಳುವುದು, ‘ಎಷ್ಟು ವೇಗವಾಗಿ ಓಡುತ್ತದೆ?’ ಈ ಎರಡು ಪ್ರಶ್ನೆಗಳಿಂದ ಎರಡು ಬಗೆಯ ವಾಹನಗಳು ಹುಟ್ಟಿವೆ. ಅವುಗಳ ತಾಂತ್ರಿಕ ವಿವರಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಜೀವಕ್ಕೆ ಸಂಬಂಧಿಸಿದ ಕೆಲವು ಸಂಗತಿಗಳು ತಿಳಿಯುತ್ತವೆ.

ಮಾರುತಿ ವ್ಯಾನು 1984ರಲ್ಲಿ ಬಂತು. ಮುಂದೆ ‘ಓಮ್ನಿ’ ಎನಿಸಿಕೊಂಡ ಅದರ ತಯಾರಿಕೆ ನಿಂತದ್ದು 2019ರಲ್ಲಿ. ಜಪಾನಿನ ಮಾಜ್ದಾ ಕಂಪನಿ ಮಡಚುವ ಛಾವಣಿಯ, ಎರಡೇ ಆಸನಗಳ ಎಂಎಕ್ಸ್-5 ಕಾರನ್ನು ಹೊರತಂದದ್ದು 1989ರಲ್ಲಿ. 2016ರ ವೇಳೆಗೆ ಅದರ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಕೂಡ 1998ರಲ್ಲಿ ‘ಸ್ಟಾರ್ಮ್’ ಎಂಬ ಇಂಥದೇ ಕಾರನ್ನು ತಂದಿತ್ತು. ಫೈಬರ್ ಗ್ಲಾಸ್ ಮೈಯ, ರೆನೊ ಎಂಜಿನ್ನಿನ ಆ ಕಾರು ಹೆಚ್ಚು ಮಾರಾಟವಾಗಲಿಲ್ಲ.

ಎಂಎಕ್ಸ್-5ರ ಮೊದಲ ಮಾದರಿಯ ಉದ್ದ ನಾಲ್ಕು ಮೀಟರಿಗೆ ಸ್ವಲ್ಪ ಕಡಿಮೆ, ಕೂರುವವರು ಇಬ್ಬರು. ಓಮ್ನಿಯ ಉದ್ದ 3.37 ಮೀಟರ್, ಕೂರುವವರು ಐದರಿಂದ ಎಂಟು ಮಂದಿ. ಎಂಜಿನ್ನನ್ನು ಮುಂದಿನ ಆಸನದ ಕೆಳಗೆ ಅಡಗಿಸಿದ್ದರಿಂದ ಇದು ಸಾಧ್ಯವಾಯಿತು. ಆದರೆ ಚಾಲಕನ ಮೊಣಕಾಲಿಗೂ ಎದುರಿನ ವಾಹನಕ್ಕೂ ನಡುವೆ ಒಂದು ತಗಡು ಮಾತ್ರ ಉಳಿಯಿತು. ಕಾರಿನ ಉದ್ದನೆಯ ಮೂತಿಯಾದರೆ ಡಿಕ್ಕಿಯ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ.

ಕಾರಿನ 1.6 ಲೀಟರ್ ಎಂಜಿನ್ ಸುಮಾರು 115 ಅಶ್ವಶಕ್ತಿಯದು. ವ್ಯಾನಿನ 796 ಸಿ.ಸಿ. ಎಂಜಿನ್ 40ಕ್ಕೂ ಕಡಿಮೆ. ಎರಡರಲ್ಲೂ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನೇ. ತೂಕದಲ್ಲಿ ಮಾತ್ರ ಸೋಜಿಗವಿದೆ. ಛಾವಣಿಯಿಲ್ಲದ ಕಾರು ಹಗುರವಿರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಛಾವಣಿ ತೆಗೆದರೆ ಮೈ ಬಿಗಿತ ಕಳೆದುಕೊಳ್ಳುತ್ತದೆ. ಅದನ್ನು ತುಂಬಲು ತಳವನ್ನು ಬಲಪಡಿಸಬೇಕಾಗುತ್ತದೆ. ಹೀಗಾಗಿ ಇಬ್ಬರ ಕಾರಿನ ತೂಕ 900 ಕಿಲೋ ಮೀರಿದರೆ, ಎಂಟು ಮಂದಿಯ ವ್ಯಾನಿನದು ಸುಮಾರು 800 ಕಿಲೋ.

ಅಪಾಯ ಇರುವುದು ಇಲ್ಲಿಯೇ. ತಲೆಗೆ 60 ಕಿಲೋ ಎಂದರೂ ಎಂಟು ಮಂದಿಯ ತೂಕ 480 ಕಿಲೋ. ಹನ್ನೆರಡು ಮಂದಿ ಹತ್ತಿದರೆ 720 ಕಿಲೋ, ಅಂದರೆ ಹೆಚ್ಚುಕಡಿಮೆ ಇನ್ನೊಂದು ವ್ಯಾನಿನಷ್ಟು. ಬ್ರೇಕು, ಟೈರುಗಳಾದರೋ ಮೊದಲಿನವೇ. ಮೇಲಾಗಿ ವ್ಯಾನಿನ ಅಗಲ 1.41 ಮೀಟರ್, ಎತ್ತರ 1.64 ಮೀಟರ್, ಅಗಲಕ್ಕಿಂತ ಎತ್ತರವೇ ಹೆಚ್ಚು. ಕಾರಿನಲ್ಲಿ ಇದು ತಿರುವುಮುರುವು: ಅಗಲ 1.67 ಮೀಟರ್, ಎತ್ತರ 1.23 ಮೀಟರಿನ ಆಸುಪಾಸು. ನೆಲಕ್ಕಂಟಿದ ಗಾಡಿ ತಿರುವಿನಲ್ಲಿ ಜಾರಬಹುದು. ಎತ್ತರದ ಗಾಡಿ ಉರುಳುತ್ತದೆ. ಮೇಲೆ ಗಂಟುಮೂಟೆ ಹೇರಿದಷ್ಟೂ ಉರುಳುವುದು ಸುಲಭ.

ವೇಗದ ಕಾರನ್ನು ಕಂಡರೆ ಎಲ್ಲರಿಗೂ ಭಯ. ನಿಧಾನದ ವ್ಯಾನಿನ ಬಗ್ಗೆ ಆ ಭಯವಿಲ್ಲ. ಆದರೆ ಎಷ್ಟು ಮಂದಿ ಹಿಡಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಗಾಡಿಯಲ್ಲಿ ಉಳಿದ ಜಾಗವಲ್ಲ, ನೋಂದಣಿ ಪತ್ರದಲ್ಲಿ ಬರೆದ ಆಸನಗಳ ಸಂಖ್ಯೆ. ದಿಬ್ಬಣ ಹೊರಡುವ ಮುನ್ನ ಅದೊಂದು ಅಂಕಿಯನ್ನು ಓದಿಕೊಂಡರೂ ಸಾಕು.