ಕೂಡು ವ್ಯಾಪಾರಕ್ಕೆ ನೋಂದಣಿ ಏಕೆ ಬೇಕು?

ನಮ್ಮ ಸದಸ್ಯರಲ್ಲಿ ಕೆಲವರು ಇಬ್ಬರು ಮೂವರು ಕೂಡಿ ಕಾಫಿಪುಡಿ ಮಾರಾಟಕ್ಕೋ ಅಡಿಕೆ ಚೇಣಿಗೋ ಇಳಿದಿದ್ದಾರೆ. ಸಂತೋಷದ ಸಂಗತಿ. ಬೋರ್ಡು ಬರೆಸುತ್ತಾರೆ, ರಸೀತಿ ಪುಸ್ತಕ ಅಚ್ಚು ಹಾಕಿಸುತ್ತಾರೆ. ಪಾಲುದಾರಿಕೆಯ ನೋಂದಣಿ ಮಾತ್ರ ಮುಂದಕ್ಕೆ ಬೀಳುತ್ತದೆ.

1932ರ ಪಾಲುದಾರಿಕೆ ಕಾಯಿದೆ ನೋಂದಣಿಯನ್ನು ಕಡ್ಡಾಯ ಮಾಡಿಲ್ಲ, ನಿಜ. ಆದರೆ ಅದರ 69ನೇ ಕಲಮನ್ನು ಗಮನಿಸಬೇಕು. ನೋಂದಾಯಿಸದ ಫರ್ಮಿನಿಂದ ಉದ್ರಿ ಮಾಲು ಪಡೆದವನು ಹಣ ಕೊಡದಿದ್ದರೆ, ಬಾಕಿ 100 ರೂಪಾಯಿ ಮೀರಿದಲ್ಲಿ, ಫರ್ಮು ಅವನ ಮೇಲೆ ದಾವೆ ಹೂಡುವಂತಿಲ್ಲ. ಅವನು ಮಾತ್ರ ಫರ್ಮಿನ ಮೇಲೆ ಹೂಡಬಹುದು! ದಾವೆ ಹಾಕಿದ ಮೇಲೆ ಓಡಿಹೋಗಿ ನೋಂದಾಯಿಸಿದರೂ ಆ ದಾವೆ ಊರ್ಜಿತವಾಗದು. ಹೊಸದಾಗಿ ಹೂಡಬೇಕು, ಅಷ್ಟರಲ್ಲಿ ಮೂರು ವರ್ಷದ ಕಾಲಮಿತಿ ಕಳೆದಿದ್ದರೆ ಹಣ ಹೋದಂತೆಯೇ.

ಒಬ್ಬರೇ ನಡೆಸುವ ವ್ಯಾಪಾರಕ್ಕೆ ಈ ಕಾಯಿದೆ ಅನ್ವಯಿಸದು. ಅವಿಭಕ್ತ ಕುಟುಂಬದ ಮನೆತನದ ವ್ಯಾಪಾರಕ್ಕೂ ಇಲ್ಲ. ಆದರೆ ಹಿಸ್ಸೆಯಾದ ಅಣ್ಣತಮ್ಮಂದಿರು ಲಾಭ ಹಂಚಿಕೊಳ್ಳುವ ಒಪ್ಪಂದದಿಂದ ಕೂಡಿ ವ್ಯಾಪಾರ ಮಾಡಿದರೆ ಅದು ಪಾಲುದಾರಿಕೆಯೇ. ನಮ್ಮವರು ಎಡವುವುದು ಇಲ್ಲಿ: "ಅಣ್ಣನ ಜೊತೆ ಎಂಥ ಕಾಗದ?" ಎನ್ನುತ್ತಾರೆ. ಆ ಕಾಗದ ಬೇಕಾಗುವುದು ಬಾಕಿದಾರನಿಂದ ವಸೂಲಿ ಮಾಡುವಾಗ.

ಫರ್ಮಿನ ಹೆಸರು, ವ್ಯಾಪಾರದ ಸ್ಥಳಗಳು, ಪ್ರತಿಯೊಬ್ಬ ಪಾಲುದಾರರ ಪೂರ್ಣ ಹೆಸರು, ಕಾಯಂ ವಿಳಾಸ, ಸೇರಿದ ದಿನಾಂಕ, ಫರ್ಮಿನ ಅವಧಿ ಇವನ್ನು ಬರೆದು, ಎಲ್ಲರೂ ಸಹಿ ಮಾಡಿ, ಶುಲ್ಕದೊಡನೆ ಫರ್ಮುಗಳ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಮುಂದೆ ಯಾರಾದರೂ ಸೇರಿದರೂ ಬಿಟ್ಟರೂ ತಿಳಿಸಬೇಕು.

ಇನ್ನೊಂದು ಮಾತು. ಈ ನೋಂದಣಿಯಿಂದಲೇ ಪೊಟ್ಟಣದ ಮೇಲಿನ ಹೆಸರು ನಿಮ್ಮದೊಬ್ಬರದೇ ಆಗುವುದಿಲ್ಲ. ಅದಕ್ಕೆ 1999ರ ಟ್ರೇಡ್ ಮಾರ್ಕ್ ಕಾಯಿದೆಯಂತೆ ಬೇರೆಯೇ ಅರ್ಜಿ ಹಾಕಬೇಕು.